ಬಾಗಿಲಿಗೆ ಬೆನ್ನು

ನಮ್ಮೂರಿನಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ. ಹೊರಗೆ ನಿಂತು ‘ಯಾರದೀರಿ ಒಳಗ’ ಎಂದು ಕೂಗುವುದೂ ಇಲ್ಲ. ಅಂಗಳಕ್ಕೆ ಕಾಲಿಟ್ಟರೆ ಸಾಕು, ಬಂದವರು ಯಾರು, ಜಗಳಕ್ಕೆ ಬಂದಿದ್ದಾರೋ ಹರಟೆಗೆ ಬಂದಿದ್ದಾರೋ, ಒಳಗಿದ್ದವರಿಗೆ ಗೊತ್ತಾಗಿಬಿಡುತ್ತದೆ. ಇಲ್ಲಿ ಒಬ್ಬೊಬ್ಬರ ಹೆಜ್ಜೆಗೂ ಅವರದೇ ಸದ್ದು. ಒಬ್ಬರದು ಇನ್ನೊಬ್ಬರಿಗೆ ಬರುವುದಿಲ್ಲ, ಅವಳಿಗಳಿಗೂ ಇಲ್ಲ. ಮಗು ಮೊದಲ ಹೆಜ್ಜೆ ಇಡುವ ಹೊತ್ತಿಗೆ ಅಜ್ಜಿ ಕಲ್ಲುಹಾಸಿನ ಮೇಲೆ ಕಿವಿಯಿಟ್ಟು ಮಲಗಿ, ಕೇಳಿ, ಆ ಸದ್ದು ಯಾವುದರ ಹಾಗಿದೆ ಎಂದು ಮನೆಯವರಿಗೆ ಹೇಳಬೇಕು. ಆಮೇಲೇ ಬೆಲ್ಲ ಹಂಚುವುದು.

ಹಾಗಾಗಿ ನಮ್ಮಲ್ಲಿ ಎಲ್ಲರೂ ಬಾಗಿಲಿಗೆ ಬೆನ್ನು ಹಾಕಿ ಕೂಡುತ್ತಾರೆ. ಅದು ಮರ್ಯಾದೆ. ಬಾಗಿಲ ಕಡೆ ಮುಖ ಮಾಡಿ ಕೂತರೆ ಬರುವವರಿಗೆ ‘ನಿನ್ನ ಹೆಜ್ಜೆ ನನಗೆ ಗುರುತಿಲ್ಲ’ ಎಂದು ಹೇಳಿದ ಹಾಗೆ. ಕಿರಾಣಿ ಅಂಗಡಿಯವನದು, ಅಂಚೆ ಕಚೇರಿಯವನದು, ಎಲ್ಲರ ಕುರ್ಚಿಯೂ ಗೋಡೆಯ ಕಡೆಗೇ. ಹೊರಗಿನಿಂದ ಬಂದವರಿಗೆ ಊರಿಗೆ ಊರೇ ಮುನಿಸಿಕೊಂಡು ಕೂತಂತೆ ಕಾಣುತ್ತದಂತೆ. ಕಾಣಲಿ.

ನಮ್ಮದು ಖಾನಾವಳಿ. ನನ್ನ ಹೆಸರು ದಾನವ್ವ, ಒಳಗೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುವುದು ನನ್ನ ಕೆಲಸ. ಹೊರಗೆ ಪಡಸಾಲೆಯಲ್ಲಿ ನನ್ನ ಗಂಡ ಮುರಿಗೆಪ್ಪ ಬಾಗಿಲಿಗೆ ಬೆನ್ನು ಹಾಕಿ, ಪಲ್ಯದ ಪಾತ್ರೆಗಳನ್ನು ಮುಂದಿಟ್ಟುಕೊಂಡು ಕೂಡುತ್ತಾರೆ. ಅವರ ಕಿವಿ ಊರಿಗೇ ಹೆಸರಾದದ್ದು. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಅವನ ತಾಟು ಸಿದ್ಧವಾಗಿರುತ್ತದೆ. ಖಾರ ಆಗದವನಿಗೆ ಮೊಸರು ಹೆಚ್ಚು, ಹಲ್ಲಿಲ್ಲದವನಿಗೆ ಮೆತ್ತನೆಯ ರೊಟ್ಟಿ, ಹೆಂಡತಿಯ ಜೊತೆ ಜಗಳವಾಡಿ ಬಂದವನಿಗೆ ಕೇಳದೆಯೇ ಒಂದು ಹೋಳಿಗೆ. ಇಷ್ಟೆಲ್ಲ ಮಾಡುವಾಗ ಅವರು ಒಂದು ಸಲವೂ ತಿರುಗಿ ನೋಡಿದ್ದನ್ನು ನಾನು ಕಂಡಿರಲಿಲ್ಲ.

ನನ್ನನ್ನು ಕೇಳಲು ಬಂದಾಗಲೂ ಹಾಗೆಯೇ. ಬೇರೆ ಊರುಗಳಲ್ಲಿ ಹೆಣ್ಣು ನೋಡುವುದು ಎನ್ನುತ್ತಾರಂತೆ; ನಮ್ಮಲ್ಲಿ ಹೆಣ್ಣು ಕೇಳುವುದು. ಗಂಡಿನ ಕಡೆಯವರು ಗೋಡೆಗೆ ಮುಖ ಮಾಡಿ ಸಾಲಾಗಿ ಕೂತಿದ್ದರು. ನಾನು ಚಹಾದ ಕಪ್ಪುಗಳನ್ನು ಹಿಡಿದು ನಡುಮನೆಯಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದೆ. ‘ಒಣ ಶೇಂಗಾ ಒಡದಂಗ ಐತಿ’ ಎಂದು ಇವರು ಗೋಡೆಗೆ ಹೇಳಿದರು. ಅವರ ದನಿಯಲ್ಲಿ ನಗು ಇತ್ತು. ಆ ನಗುವಿಗೇ ನಾನು ಒಪ್ಪಿದ್ದು. ಮುಖ ನೋಡಿದ್ದು ಆಮೇಲೆ, ಅದೇನೂ ಅಂಥ ಚೆಂದವಿರಲಿಲ್ಲ.

ಅತ್ತೆ ನೀಲಗಂಗವ್ವನ ಹೆಜ್ಜೆ ಬೇರೆ ಥರದ್ದು. ಟಕ್, ಟಕ್ ಎಂದು ಗಟ್ಟಿ ಸದ್ದು, ಯಾವತ್ತೂ ಲಯ ತಪ್ಪಿದ್ದಿಲ್ಲ. ನಾನು ಈ ಮನೆಗೆ ಬರುವ ಮೊದಲೇ ಮಾವ ತೀರಿಕೊಂಡಿದ್ದರು. ‘ಅಪ್ಪ ಹೋದಮ್ಯಾಲೆ ಅವ್ವನ ಹೆಜ್ಜಿ ಇನ್ನೂ ಗಟ್ಟಿ ಆತು, ಅಂಥಾ ಹೆಣಮಗಳು ನಮ್ಮವ್ವ’ ಎಂದು ಇವರು ಹೆಮ್ಮೆಯಿಂದ ಹೇಳುತ್ತಿದ್ದರು. ಅತ್ತೆ ಹಿಮ್ಮಡಿ ಒಡೆದಿದೆ ಎಂದು ಮನೆಯೊಳಗೂ ಚಪ್ಪಲಿ ಬಿಡುತ್ತಿರಲಿಲ್ಲ. ಆದ್ದರಿಂದ ಅಡುಗೆ ಮನೆಗೂ ದೇವರ ಕೋಣೆಗೂ ಕಾಲಿಡುತ್ತಿರಲಿಲ್ಲ. ಹೊಸ್ತಿಲಾಚೆ ನಿಂತೇ ಉಪ್ಪು ಹೆಚ್ಚಾಯಿತು, ಊದುಬತ್ತಿ ಆರಿತು ಎಂದು ಹೇಳುವವರು. ನಾನು ಅದನ್ನು ದೊಡ್ಡಸ್ತಿಕೆ ಎಂದುಕೊಂಡು ಒಳಗೊಳಗೇ ಬೈದುಕೊಳ್ಳುತ್ತಿದ್ದೆ.

ನನ್ನ ಸದ್ದು ಯಾವಾಗ ಹೋಯಿತು ಎಂದು ನನಗೇ ಗೊತ್ತಾಗಲಿಲ್ಲ. ಮೊದಲು ಹೋದದ್ದು ರುಚಿ. ಆಮೇಲೆ ನಿದ್ದೆ. ಬೆಳಿಗ್ಗೆ ಎದ್ದು ಕೂತರೆ ಕಾಲನ್ನು ಹಾಸಿಗೆಯಿಂದ ಕೆಳಗಿಳಿಸುವುದೇ ಒಂದು ದಿನದ ಕೆಲಸ ಎನ್ನಿಸುತ್ತಿತ್ತು. ಹಿಟ್ಟು ನಾದುತ್ತಾ ನಾದುತ್ತಾ ಯಾಕೆ ನಾದುತ್ತಿದ್ದೇನೆ ಎಂಬುದು ಮರೆತುಹೋಗುತ್ತಿತ್ತು. ಅಳು ಬಂದಿದ್ದರೆ ಚೆನ್ನಾಗಿತ್ತು, ಅದೂ ಬರಲಿಲ್ಲ. ಒಂದು ಮಧ್ಯಾಹ್ನ ರೊಟ್ಟಿಯ ಬುಟ್ಟಿಯನ್ನು ತಂದು ಇವರ ಪಕ್ಕದಲ್ಲಿಟ್ಟೆ. ಇವರು ಬೆಚ್ಚಿಬಿದ್ದರು. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

‘ಯಾವಾಗ ಬಂದಿ ನೀ?’ ಎಂದರು.

‘ಈಗ.’

ಅವರು ಬಗ್ಗಿ ಸೌಟು ಎತ್ತಿಕೊಂಡರು. ನಾನು ಒಳಗೆ ಹೋದೆ. ಹೋಗುವಾಗ ನನ್ನ ಕಾಲನ್ನು ನಾನೇ ಕೇಳಿಸಿಕೊಂಡೆ. ಏನೂ ಇರಲಿಲ್ಲ. ಬೇಕೆಂದೇ ಹಿಮ್ಮಡಿ ಊರಿ ಗಟ್ಟಿಯಾಗಿ ನಡೆದೆ, ಕಾಲು ನೋವಾಯಿತೇ ಹೊರತು ಕಲ್ಲು ಬಾಯಿಬಿಡಲಿಲ್ಲ. ಬಳೆ ಸದ್ದು ಮಾಡುತ್ತಿತ್ತು, ರೊಟ್ಟಿ ಬಡಿದರೆ ಕೇಳಿಸುತ್ತಿತ್ತು. ಆದರೆ ನಮ್ಮೂರಿನ ಕಿವಿ ಅದಕ್ಕೆಲ್ಲ ತಿರುಗುವುದಿಲ್ಲ. ಬಳೆ ಯಾರದಾದರೂ ಆಗಬಹುದು, ರೊಟ್ಟಿಯನ್ನು ಯಾರಾದರೂ ಬಡಿಯಬಹುದು.

ಸದ್ದು ಹೋದವರು ನಮ್ಮೂರಿಗೆ ಹೊಸಬರಲ್ಲ. ಅವರ ಬಗ್ಗೆ ಮಾತಾಡುವುದಿಲ್ಲ, ಅಷ್ಟೇ. ಅಂಥವರ ಮನೆಯವರು ‘ತವರಿಗೆ ಹೋಗ್ಯಾಳ’, ‘ಅವಂಗ ಬೇರೆ ಊರಾಗ ಕೆಲಸ ಹತ್ತೈತಿ’ ಎಂದು ಹೇಳಿಬಿಡುತ್ತಾರೆ. ಕೇಳಿದವರು ತಲೆಯಾಡಿಸುತ್ತಾರೆ. ಆ ಮನುಷ್ಯ ಅದೇ ಮನೆಯ ಹಿಂದಿನ ಕೋಣೆಯಲ್ಲಿರುತ್ತಾನೆ. ಕೆಲವರು ಅಲ್ಲಿಂದಲೂ ಒಂದು ದಿನ ಎದ್ದು ಹೋಗುತ್ತಾರೆ. ಹೋದದ್ದು ಯಾರಿಗೂ ತಿಳಿಯುವುದಿಲ್ಲ. ಹೇಗೆ ತಿಳಿಯಬೇಕು, ಎಲ್ಲರ ಬೆನ್ನೂ ಬಾಗಿಲಿಗೆ, ಹೋಗುವವರ ಕಾಲಿಗೆ ಸದ್ದಿಲ್ಲ.

ಇವರು ಮೊದಮೊದಲು ಕಾರಣ ಹುಡುಕಿದರು. ಮಕ್ಕಳಾಗಲಿಲ್ಲ ಎಂದೇ, ಅವ್ವ ಏನಾದರೂ ಅಂದಳೇ, ಒಲೆಯ ಕಾವು ಹೆಚ್ಚಾಯಿತೇ. ನಾನು ಇಲ್ಲ ಎಂದೆ. ‘ಹಂಗಾರ ಯಾಕ?’ ಎಂದರು. ಯಾಕೆ ಎಂದು ನನಗೆ ಗೊತ್ತಿದ್ದರೆ ಅದನ್ನು ಎತ್ತಿ ಹಿತ್ತಲಿಗೆ ಎಸೆಯುತ್ತಿದ್ದೆ. ಕಾರಣವಿಲ್ಲದ್ದಕ್ಕೆ ಅವರಿಗೆ ಸಿಟ್ಟು ಬಂತು. ನನಗೆ ನಾಚಿಕೆಯಾಯಿತು. ಮನೆಯಲ್ಲಿ ಅನ್ನವಿದೆ, ಗಂಡ ಒಳ್ಳೆಯವನು, ಮೈಯಲ್ಲಿ ರೋಗವಿಲ್ಲ. ಹೀಗಿದ್ದೂ ಸದ್ದು ಕಳೆದುಕೊಂಡವಳು ಎಂಥ ಹೆಂಗಸು ಎಂದು ನಾನೇ ನನ್ನನ್ನು ಹೀಯಾಳಿಸಿಕೊಂಡೆ.

ಒಂದು ದಿನ ಯಾರಿಗೂ ಹೇಳದೆ ದವಾಖಾನೆಗೆ ಹೋದೆ. ಅಲ್ಲಿಯ ಕಂಪೌಂಡರ್ ನಮ್ಮೂರಿನವನೇ. ಗೋಡೆಗೆ ಮುಖ ಮಾಡಿ ಗುಳಿಗೆಗಳನ್ನು ಪೊಟ್ಟಣ ಕಟ್ಟುತ್ತಾ, ಹೆಜ್ಜೆ ಕೇಳಿದ ಸರದಿಯಲ್ಲೇ ಒಬ್ಬೊಬ್ಬರ ಹೆಸರು ಕರೆಯುತ್ತಾನೆ. ನಾನು ಬೆಂಚಿನ ತುದಿಯಲ್ಲಿ ಕೂತೆ. ನನ್ನ ನಂತರ ಬಂದವರೆಲ್ಲ ಒಳಗೆ ಹೋಗಿ, ಔಷಧಿ ತೆಗೆದುಕೊಂಡು ಮನೆಗೆ ಹೋದರು. ‘ನಾನೂ ಅದೀನಿ’ ಎಂದು ಒಂದು ಮಾತು ಹೇಳಬಹುದಿತ್ತು. ಆ ಒಂದು ಮಾತಿಗೆ ಬೇಕಾದ ಉಸಿರು ನನ್ನಲ್ಲಿರಲಿಲ್ಲ. ಮಧ್ಯಾಹ್ನ ಕಂಪೌಂಡರ್ ಎದ್ದು ಕಿಟಕಿ ಮುಚ್ಚತೊಡಗಿದ. ನಾನೂ ಎದ್ದು ಬಂದೆ.

ಅತ್ತೆಗೆ ಎಲ್ಲ ಗೊತ್ತಾಗಿತ್ತು. ಅವರು ಹೊಸ್ತಿಲಾಚೆ ನಿಂತು ನನ್ನ ಬೆನ್ನಿಗೆ ಹೇಳಿದರು: ‘ಅಳಕೋತ ಕುಂದರೂದಲ್ಲ ಇದು. ಯಮನಪ್ಪನ ಕಡೆ ಹೋಗಿ ಒಂದ್ ಜೋಡು ಮಾಡಿಸ್ಕೋ. ಮಂದಿ ಏನ್ ನಿನ್ನ ಎದಿ ಬಗದು ನೋಡ್ತಾರ? ಕಾಲಿನ ಸಪ್ಪಳ ಕೇಳ್ತಾರ, ಅಷ್ಟ.’

‘ನಾ ಅಳಾಕತ್ತಿಲ್ರಿ ಅತ್ತಿ.’

‘ಅಳಬ್ಯಾಡ ಅಂತನ ಹೇಳಾಕತ್ತೀನಿ.’

ಯಮನಪ್ಪ ಸಂತೆಪೇಟೆಯ ಕೊನೆಯಲ್ಲಿ ಚಪ್ಪಲಿ ಮಾಡುವವನು. ಅವನು ಅಂಥ ಚಪ್ಪಲಿಗಳನ್ನೂ ಮಾಡುತ್ತಾನೆ ಎಂಬುದು ಊರಿನ ಅರ್ಧ ಜನಕ್ಕೆ ಗೊತ್ತು, ಗೊತ್ತಿಲ್ಲದ ಹಾಗೆ ಇರುತ್ತಾರೆ. ಅಟ್ಟೆಯ ನಡುವೆ ಮರದ ಚೂರು, ತಗಡು, ಕಬ್ಬಿಣದ ಮೊಳೆ ಏನೇನೋ ಕೂರಿಸಿ ಬೇಕಾದ ಸದ್ದು ಬರಿಸುತ್ತಾನೆ. ಇವರೇ ಅವನ ಹತ್ತಿರ ಹೋಗಿ ನನ್ನ ಹೆಜ್ಜೆಯನ್ನು ವರ್ಣಿಸಿದರು. ಒಣ ಶೇಂಗಾ, ಎಡಗಾಲು ಸ್ವಲ್ಪ ತಡ, ಮೆಟ್ಟಿಲು ಹತ್ತುವಾಗ ಸ್ವಲ್ಪ ಚುರುಕು. ಯಮನಪ್ಪ ಬಡಿದು ಕೇಳಿಸುವುದು, ಇವರು ‘ಇಲ್ಲ’ ಎನ್ನುವುದು, ಹೀಗೆ ಎಷ್ಟೋ ಹೊತ್ತು ನಡೆದು ಕೊನೆಗೆ ಇವರು ‘ಹಾಂ’ ಎಂದರಂತೆ.

ಆ ಜೋಡು ಹಾಕಿಕೊಂಡು ನಾನು ಪಡಸಾಲೆಗೆ ಬಂದ ದಿನ ಇವರು ಗೋಡೆಗೆ ಮುಖ ಮಾಡಿಯೇ ಅತ್ತರು. ಹೆಗಲು ಅಲುಗಾಡುವುದು ಕಾಣುತ್ತಿತ್ತು. ಗಿರಾಕಿಗಳು ‘ಏನ ದಾನವ್ವಾ, ಗುಣ ಆತಲ್ಲ’ ಎಂದು ತಮ್ಮ ತಮ್ಮ ತಾಟಿಗೆ ಹೇಳಿದರು. ನಾನು ‘ಆತ್ರಿ’ ಎಂದೆ. ಆ ಚಪ್ಪಲಿ ನಿಜಕ್ಕೂ ಚೆನ್ನಾಗಿ ನಡೆಯುತ್ತಿತ್ತು. ನನಗಿಂತ ಚೆನ್ನಾಗಿ ನಡೆಯುತ್ತಿತ್ತು. ಅದರ ಸದ್ದಿನಲ್ಲಿ ಮದುವೆಗೆ ಮೊದಲಿನ ಹುಡುಗಿಯೊಬ್ಬಳು ಇದ್ದಳು, ಅವಳ ಮೇಲೆ ನಾನು ಹೆಣದ ಹಾಗೆ ನಿಂತಿರುತ್ತಿದ್ದೆ. ಸದ್ದಿಲ್ಲದಿದ್ದಾಗ ಏನೋ ಆಗಿದೆ ಎಂದು ಒಬ್ಬರಿಗಾದರೂ ಗೊತ್ತಿತ್ತು. ಈಗ ಅದೂ ಹೋಯಿತು. ಇವರು ‘ಹ್ಯಾಂಗದಿ’ ಎಂದು ಕೇಳುವುದನ್ನೂ ಬಿಟ್ಟರು. ಕೇಳುವ ಅಗತ್ಯವೇನಿತ್ತು, ಹೆಜ್ಜೆ ಎಲ್ಲ ಹೇಳುತ್ತಿತ್ತಲ್ಲ.

ಬೇಸಿಗೆ ಶುರುವಾಗಿತ್ತು. ಊಟದವರೆಲ್ಲ ಹೋದ ಮೇಲಿನ ಹೊತ್ತು. ನಾನು ಒಲೆ ಆರಿಸಿ, ಅಡುಗೆ ಮನೆಯ ಹೊಸ್ತಿಲಾಚೆ ಬಿಟ್ಟಿದ್ದ ಚಪ್ಪಲಿಯನ್ನು ಹಾಕಿಕೊಳ್ಳದೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತಿದ್ದೆ. ಏನನ್ನೂ ಯೋಚಿಸುತ್ತಿರಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮನೆಯೊಳಗಿನಿಂದ ನನ್ನ ಹೆಜ್ಜೆಯ ಸದ್ದು ಕೇಳಿಸಿತು. ಒಣ ಶೇಂಗಾ, ಎಡಗಾಲು ಸ್ವಲ್ಪ ತಡ. ನಾನು ಇಲ್ಲಿದ್ದೇನೆ, ನನ್ನ ಹೆಜ್ಜೆ ಅಲ್ಲಿ ನಡೆಯುತ್ತಿದೆ. ಎದ್ದು ಒಳಗೆ ಹೋದೆ.

ನಡುಮನೆಯ ಕಂಬದ ಹತ್ತಿರ ಅತ್ತೆ ನಿಂತಿದ್ದರು, ಕಾಲಲ್ಲಿ ನನ್ನ ಚಪ್ಪಲಿ. ಪಡಸಾಲೆಯಲ್ಲಿ ಇವರು ಎಂದಿನಂತೆ ಬೆನ್ನು ಹಾಕಿ ಕೂತು ಅಡಕೆ ಕತ್ತರಿಸುತ್ತಾ ಮಾತಾಡುತ್ತಿದ್ದರು.

‘ಕೇಳಿದೇನು ದಾನವ್ವಾ, ನಿನ್ನ ಹೆಜ್ಜಿ ಕೇಳಿದ್ರನ ನನಗ ಉಂಡದ್ದು ಮೈಗೆ ಹತ್ತತೈತಿ. ಆವಾಗ ಸಪ್ಪಳ ಇಲ್ದಾಗ, ಮನ್ಯಾಗ ಯಾರೋ ಸತ್ತಾರೇನೋ ಅನ್ನಂಗ ಆಗಿತ್ತು ನನಗ. ಅಂಜಿಕಿ ಬಂದಿತ್ತು. ನಿನ್ನ ಮುಂದ ಹೇಳಲಿಲ್ಲ. ನೀ ನಡಕೋತ ಇರು, ಮತ್ತೇನೂ ಬ್ಯಾಡ ನನಗ.’

ಮದುವೆಯಾದಾಗಿನಿಂದ ಅವರು ಇಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ನಾನು ಕೇಳಿರಲಿಲ್ಲ. ಅತ್ತೆ ‘ನಾನಪ್ಪಾ’ ಎನ್ನಬಹುದಿತ್ತು. ಅನ್ನಲಿಲ್ಲ. ಕಂಬಕ್ಕೆ ಕೈಯಿಟ್ಟು, ತಲೆ ತಗ್ಗಿಸಿ, ಆ ಮಾತು ಮುಗಿಯುವವರೆಗೂ ನಿಂತರು. ಆಮೇಲೆ ಅದೇ ಹೆಜ್ಜೆಯಲ್ಲಿ ನಿಧಾನವಾಗಿ ತಮ್ಮ ಕೋಣೆಗೆ ನಡೆದರು. ಇವರು ಆ ಸದ್ದು ದೂರವಾಗುವುದನ್ನು ಕೇಳುತ್ತಾ ಸಣ್ಣಗೆ ನಕ್ಕರು. ನಾನು ಅವರ ಹಿಂದೆ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ನಿಂತಿದ್ದೆ. ನನ್ನ ಗಂಡ ಚಪ್ಪಲಿಯ ಜೊತೆ ಸಂಸಾರ ಮಾಡಿಕೊಂಡು ಸುಖವಾಗಿದ್ದರು.

ಅವರ ಪಕ್ಕದಿಂದಲೇ ಬಾಗಿಲು ದಾಟಿ ಹೊರಗೆ ಬಂದೆ. ಊರ ಹೊರಗೆ ಬಿಟ್ಟುಹೋದ ಒಂದು ಕಲ್ಲಿನ ಗಣಿಯಿದೆ. ಆ ಕಡೆ ನಡೆದೆ. ಯಾಕೆ ಎಂದು ಬಿಡಿಸಿ ಹೇಳುವುದಿಲ್ಲ. ನನಗೆ ಸಂಕಟವೇನೂ ಆಗುತ್ತಿರಲಿಲ್ಲ, ಅದೇ ಭಯಂಕರವಾದದ್ದು ಎಂದು ಈಗ ಅನ್ನಿಸುತ್ತದೆ. ಸಂತೆಪೇಟೆಯ ಉದ್ದಕ್ಕೂ ಜನ ಅಂಗಡಿಗಳಲ್ಲಿ, ಕಟ್ಟೆಗಳ ಮೇಲೆ ಬೆನ್ನು ಹಾಕಿ ಕೂತಿದ್ದರು. ನನ್ನ ತವರಿನ ಕಡೆಯ ಸಂಬಂಧಿಕಳೊಬ್ಬಳು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು, ಅವಳ ಸೀರೆಯ ಸೆರಗಿಗೆ ನನ್ನ ಸೆರಗು ತಾಗಿತು. ಗಾಳಿ ಎಂದುಕೊಂಡು ಸೆರಗು ಸರಿಮಾಡಿಕೊಂಡಳು.

ದವಾಖಾನೆ ದಾಟಿದರೆ ಗಣಿಯ ದಾರಿ. ಜಗಲಿಯ ಮೇಲೆ ಡಾಕ್ಟರಬಾಯಿ ನಿಂತು ಊಟದ ಡಬ್ಬಿ ತೊಳೆದ ನೀರನ್ನು ಗಿಡಕ್ಕೆ ಚೆಲ್ಲುತ್ತಿದ್ದರು. ವಿಜಯಲತಾ ಎಂದು ಹೆಸರು, ಮೈಸೂರು ಕಡೆಯವರು, ನಮ್ಮೂರಿಗೆ ಬಂದು ಹೆಚ್ಚು ದಿನವಾಗಿರಲಿಲ್ಲ. ಅವರು ತಲೆಯೆತ್ತಿ ನನ್ನನ್ನು ನೋಡಿದರು.

‘ಅಯ್ಯೋ, ಈ ಬಿಸಿಲಲ್ಲಿ ಬರಿಗಾಲಲ್ಲಿ ಎಲ್ಲಿಗೆ ಹೊರಟ್ರಿ?’ ಎಂದರು.

ನಾನು ನಿಂತೆ. ನನಗೆ ಬಂದದ್ದು ಕೃತಜ್ಞತೆಯಲ್ಲ, ಸಿಟ್ಟು. ಇಷ್ಟು ದೂರ ಯಾರ ಕಾಟವೂ ಇಲ್ಲದೆ ಬಂದಿದ್ದೆ. ನಾನು ಬಾಯಿ ಬಿಡುವ ಮೊದಲೇ ಒಬ್ಬರು ನನ್ನನ್ನು ನೋಡಿ ಎಷ್ಟು ದಿನವಾಗಿತ್ತೋ, ಆ ನೋಟ ಮೈಮೇಲೆ ಬಿಸಿನೀರು ಬಿದ್ದ ಹಾಗೆ ಚುರುಗುಟ್ಟಿತು.

‘ನಾ ಬಂದದ್ದು ನಿಮಗ ಹ್ಯಾಂಗ ಗೊತ್ತಾತು?’ ಎಂದೆ.

‘ಕಾಣಿಸ್ತಲ್ಲಮ್ಮ. ಬನ್ನಿ, ನೆರಳಿಗೆ ಬನ್ನಿ.’

ಹೋಗಿ ಜಗಲಿಯ ಮೇಲೆ ಕೂತೆ. ಅವರೂ ಎದುರಿಗೆ, ನನ್ನ ಕಡೆ ಮುಖ ಮಾಡಿ ಕೂತರು. ನಮ್ಮೂರಿನವರಾಗಿದ್ದರೆ ಅದು ಅವಮಾನ. ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಕಾಲ ಕಡೆ ನೋಡುತ್ತಾ ಎಲ್ಲ ಹೇಳಿದೆ, ಗಣಿಯ ಮಾತನ್ನೂ. ಅವರು ಆ ಮಾತಿಗೆ ಬೆಚ್ಚಲಿಲ್ಲ, ಗಣಿಯ ಬಗ್ಗೆ ನೇರವಾಗಿ ಇನ್ನೂ ಎರಡು ಪ್ರಶ್ನೆ ಕೇಳಿದರು. ನಾನು ನೇರವಾಗಿ ಉತ್ತರ ಕೊಟ್ಟೆ. ಅವರು ನನ್ನ ಕೈ ಹಿಡಿದುಕೊಂಡರು.

‘ಇದಕ್ಕೆ ಖಿನ್ನತೆ ಅಂತಾರೆ. ಕಾಯಿಲೆ ಇದು, ನಿಮ್ಮ ತಪ್ಪಲ್ಲ. ಗುಳಿಗೆ ಕೊಡ್ತೀನಿ, ಕೆಲಸ ಮಾಡೋಕೆ ಕೆಲವು ವಾರ ಬೇಕು. ಅಲ್ಲೀವರೆಗೂ ಇಲ್ಲಿ ಬಂದು ಕೂತು ಮಾತಾಡ್ಬೇಕು. ಮನೇಲಿ ಒಬ್ರಿಗಾದ್ರೂ ನಿಜ ಹೇಳ್ಬೇಕು, ನೀವೊಬ್ರೇ ಇರಬಾರದು ಈಗ.’

‘ಸಪ್ಪಳ ಹೊಳ್ಳಿ ಬರ್ತೈತೇನ್ರಿ?’

‘ಅದು ನಂಗೊತ್ತಿಲ್ಲ. ನಿಜ ಹೇಳ್ಲಾ, ನಂಗೆ ನಿಮ್ಮೂರಲ್ಲಿ ಎಲ್ಲರ ಹೆಜ್ಜೆನೂ ಒಂದೇ ಥರ ಕೇಳ್ಸುತ್ತೆ. ಸದ್ದಿರೋರು ಯಾರು, ಇಲ್ದೋರು ಯಾರು, ಒಂದೂ ಗೊತ್ತಾಗಲ್ಲ.’

ಅವತ್ತು ನಾನು ಎಷ್ಟೋ ತಿಂಗಳ ನಂತರ ಅತ್ತೆ. ಗುಣವಾಗುತ್ತದೆ ಎಂದು ನಂಬಿಕೆ ಬಂದು ಅತ್ತದ್ದಲ್ಲ. ಒಬ್ಬರಿಗೆ ನನ್ನಲ್ಲಿ ಏನೂ ಕಡಿಮೆ ಕಾಣಿಸಲಿಲ್ಲವಲ್ಲ ಎಂದು ಅತ್ತದ್ದು.

ಸಂಜೆ ಮನೆಗೆ ಬಂದು ಇವರ ಹೆಗಲು ಮುಟ್ಟಿದೆ. ಬೆಚ್ಚಿದರು. ‘ಚಪ್ಪಲಿ ಎಲ್ಲೆ?’ ಎಂದರು.

‘ಇನ್ನ ಹಾಕ್ಕೊಳ್ಳೂದಿಲ್ರಿ. ನೀವು ಬಾಗಲ ಕಡೆ ಹೊಳ್ಳಿ ಕುಂದರ್ರಿ. ನಾ ಬಂದಾಗ ನೋಡ್ರಿ ನನ್ನ.’

ಅವರ ಮುಖ ಕಪ್ಪಿಟ್ಟಿತು. ಈ ಮನೆಯಲ್ಲಿ ಸದ್ದು ಹೋದವರಿದ್ದಾರೆ ಎಂದು ಊರಿಗೆ ಡಂಗುರ ಸಾರಿದ ಹಾಗಾಗುತ್ತದೆ, ಗಿರಾಕಿಗಳಿಗೆ ಅವಮಾನ, ನಾಳೆಯಿಂದ ಯಾರು ಬರುತ್ತಾರೆ ಎಂದರು. ಕೋಣೆಯಿಂದ ಅತ್ತೆ ಟಕ್ ಟಕ್ ಎಂದು ಬಂದರು. ‘ಮನಿ ಮರ್ಯಾದಿ ತಗೀತೀಯೇನು? ಎಲ್ಲಾರೂ ಹಾಕ್ಕೊಂಡು ನಡ್ಯಾಂಗಿಲ್ಲೇನು?’ ಎಂದರು. ಆ ‘ಎಲ್ಲಾರೂ’ ಯಾರು ಎಂದು ಆಗ ನಾನು ಕೇಳಬೇಕಿತ್ತು. ಕೇಳಲು ತೋಚಲಿಲ್ಲ.

ಆಮೇಲಿನ ದಿನಗಳು ಕೆಟ್ಟವು. ಗುಳಿಗೆಯಿಂದ ಬಾಯಿ ಒಣಗುತ್ತಿತ್ತು, ತಲೆ ಭಾರ. ದವಾಖಾನೆಗೆ ಹೋಗಿ ಬಂದ ದಿನವೂ ಹಾಸಿಗೆಗೆ ಬಿದ್ದರೆ ಗೋಡೆ ನೋಡುತ್ತಾ ಮಲಗಿರುತ್ತಿದ್ದೆ. ಬರಿಗಾಲಲ್ಲಿ ಬುಟ್ಟಿ ತಂದಿಟ್ಟಾಗಲೆಲ್ಲ ಇವರು ಬೆಚ್ಚುವುದು, ಗಿರಾಕಿಗಳು ಕೆಮ್ಮುವುದು. ಕೆಲವರು ಬರುವುದನ್ನು ನಿಲ್ಲಿಸಿದರು. ನನ್ನ ಕಾಲಿಂದ ಒಂದು ಸಣ್ಣ ಸದ್ದಾದರೂ ಬಂದೀತೇ ಎಂದು ದಿನಾ ಕಿವಿಗೊಟ್ಟು ಕೇಳುತ್ತಿದ್ದೆ. ಬರಲಿಲ್ಲ. ಒಂದು ಬೆಳಿಗ್ಗೆ ಕೇಳುವುದನ್ನೇ ಬಿಟ್ಟೆ. ಬೇಸತ್ತು ಬಿಟ್ಟದ್ದು, ಜ್ಞಾನೋದಯವೇನಲ್ಲ. ನಾನು ಸದ್ದಿಲ್ಲದವಳು, ಹೀಗೇ ರೊಟ್ಟಿ ಬಡಿಯುತ್ತೇನೆ, ಹೀಗೇ ಗುಳಿಗೆ ನುಂಗುತ್ತೇನೆ ಎಂದುಕೊಂಡೆ. ಅವತ್ತು ರೊಟ್ಟಿಗೆ ಸ್ವಲ್ಪ ರುಚಿ ಇದ್ದ ಹಾಗೆ ಅನ್ನಿಸಿತು. ಮರುದಿನ ಅದೂ ಇರಲಿಲ್ಲ.

ಡಾಕ್ಟರಬಾಯಿ ಹೇಳಬೇಕೆಂದಿದ್ದ ನಿಜವನ್ನು ನಾನಿನ್ನೂ ಇವರಿಗೆ ಹೇಳಿರಲಿಲ್ಲ. ಒಂದು ಮಧ್ಯಾಹ್ನ ಪಾತ್ರೆ ತೆಗೆಯುತ್ತಾ ಹೇಳಿದೆ.

‘ಆವತ್ತ ನೀವು ಅಡಕಿ ಕತ್ತರಸ್ಕೋತ ಮಾತಾಡಿದ್ರಲ್ಲ, ಅದು ನನ್ನ ಕೂಡ ಅಲ್ಲ. ಚಪ್ಪಲಿ ಅತ್ತಿ ಕಾಲಾಗ ಇತ್ತು. ನಾ ನಿಮ್ಮ ಹಿಂದ ನಿಂತಿದ್ದೆ. ಅಲ್ಲಿಂದ ಹಾದು ಗಣಿ ಕಡೆ ಹೋದೆ, ಜೀವ ಕಳಕೊಳ್ಳಾಕ. ನಿಮಗ ಕೇಳಿಸಲಿಲ್ಲ.’

‘ನನ್ನ ಬಾಜೂಕ ಹಾದು ಹೋದ್ಯಾ?’ ಎಂದರು. ‘ಹೌದ್ರಿ.’

ಮರುದಿನ ನಾನು ರೊಟ್ಟಿಯ ಬುಟ್ಟಿ ಹಿಡಿದು ಪಡಸಾಲೆಗೆ ಬಂದಾಗ ಅವರ ಮಣೆ ಒಂದು ಮೂಲೆಗೆ ಸರಿದಿತ್ತು. ಅಲ್ಲಿ ಕೂತರೆ ಹೊರಬಾಗಿಲೂ ಕಾಣುತ್ತದೆ, ಅಡುಗೆ ಮನೆಯೂ ಕಾಣುತ್ತದೆ. ಅವರು ನಾನು ಬರುವುದನ್ನು ನೋಡಿದರು. ಕಣ್ಣು ಊದಿಕೊಂಡಿತ್ತು. ಆಗಲೇ ಮೊದಲ ಗಿರಾಕಿ ರಾಚಪ್ಪ, ಎಣ್ಣೆ ಗಾಣದವನು, ಹೊಸ್ತಿಲು ದಾಟಿ ಇವರ ಮುಖ ಕಂಡು ಅಲ್ಲೇ ನಿಂತ.

‘ಯಾಕೋ ಮುರಿಗೆಪ್ಪಾ, ನನ್ನ ಹೆಜ್ಜಿ ಮರತ್ಯಾ?’ ಎಂದ.

‘ನಿನ್ನ ಹೆಜ್ಜಿ ಮರತಿಲ್ಲೋ ಮಾರಾಯಾ. ನಮ್ಮನಿಯಾಕಿಗೆ ಹೆಜ್ಜಿ ಇಲ್ಲ. ಆಕಿನ್ನ ನೋಡಬೇಕಾಗೈತಿ. ಅದಕ್ಕ ಹಿಂಗ ಕುಂತೀನಿ. ಉಣ್ಣೂದಿದ್ರ ಉಣ್ಣು.’

ರಾಚಪ್ಪ ಸ್ವಲ್ಪ ಹೊತ್ತು ನಿಂತು, ಕೂತು ಉಂಡ. ಅವನ ತಾಟಿಗೆ ಇವರು ಉಪ್ಪಿನಕಾಯಿ ಹಾಕುವುದನ್ನು ಮರೆತರು. ನೋಡುತ್ತಾ ಕೂತರೆ ಕಿವಿ ಮೊದಲಿನ ಹಾಗಿರುವುದಿಲ್ಲವಂತೆ. ಅವರ ಹೆಸರು ಕೆಡುತ್ತಾ ಬಂತು. ಅವರು ಅದರ ಬಗ್ಗೆ ನನ್ನ ಹತ್ತಿರ ಏನೂ ಹೇಳಲಿಲ್ಲ. ಒಂದೊಂದು ದಿನ ಅಭ್ಯಾಸಬಲದಿಂದ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ನಾನು ಹಿಂದೆ ನಿಂತು ಕಾಯುತ್ತಿದ್ದೆ.

ಅತ್ತೆ ಮಾತ್ರ ನಮ್ಮಿಬ್ಬರ ಜೊತೆಗೂ ಮಾತು ಬಿಟ್ಟರು. ಟಕ್ ಟಕ್ ಎಂದು ಕೋಣೆಯಿಂದ ಹಿತ್ತಲಿಗೆ, ಹಿತ್ತಲಿಂದ ಕೋಣೆಗೆ. ಇವರ ಕಣ್ಣಿಗೆ ಬೀಳಬಾರದೆಂದು ಗೋಡೆ ಬದಿಗೇ ನಡೆಯುತ್ತಿದ್ದರು. ನಾನೂ ಒಲೆಯ ಮುಂದಿನ ನನ್ನ ಜಾಗವನ್ನು ತಿರುಗಿಸಿಕೊಂಡಿದ್ದೆ, ಅಡುಗೆ ಮನೆಯ ಬಾಗಿಲಿಗೆ ಮುಖ ಮಾಡಿ. ಹೊಗೆ ಕಣ್ಣಿಗೆ ಬರುತ್ತಿತ್ತು, ಆದರೂ ಹಾಗೇ ಕೂತೆ.

ಒಂದು ದಿನ ರೊಟ್ಟಿ ತಿರುವಿಹಾಕಿ ತಲೆಯೆತ್ತಿದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಬಂದ ಸದ್ದು ಕೇಳಿಸಿರಲಿಲ್ಲ. ನಾನು ತಲೆಯೆತ್ತದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. ಅವರು ಹೊಸ್ತಿಲು ದಾಟಿ ಅಡುಗೆ ಮನೆಯೊಳಗೆ ಕಾಲಿಟ್ಟರು. ನಾನು ಈ ಮನೆಗೆ ಬಂದ ಮೇಲೆ ಮೊದಲ ಸಲ. ಬರಿಗಾಲು. ಹಿಮ್ಮಡಿ ನೋಡಿದೆ. ಒಡೆದಿರಲಿಲ್ಲ, ಮಗುವಿನ ಹಿಮ್ಮಡಿಯ ಹಾಗೆ ನುಣುಪಾಗಿತ್ತು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಕಲ್ಲಿನ ಮೇಲೆ ಏನೂ ಇಲ್ಲ.

‘ನಿನ್ನ ಡಾಕ್ಟರಬಾಯಿ ಮುದುಕೇರನ್ನೂ ನೋಡ್ತಾಳೇನು?’ ಎಂದರು.

ನನ್ನ ಕೈಯಲ್ಲಿದ್ದ ರೊಟ್ಟಿ ಹೊತ್ತಿತು. ‘ಯಾವಾಗಿಂದ ಅತ್ತಿ?’ ಎಂದೆ.

‘ನಿಮ್ಮ ಮಾವ ಹೋದಾಗಿಂದ. ನೀ ಹುಟ್ಟಿದ್ಯೋ ಇಲ್ಲೋ ಅವಾಗ, ಯಾರಿಗೊತ್ತು. ಮುರಿಗೆಪ್ಪ ಸಣ್ಣಾಂವ. ಯಮನಪ್ಪನ ಅಪ್ಪ ಮಾಡಿಕೊಟ್ಟಿದ್ದ. ಗಟ್ಟಿ ಸಪ್ಪಳ ಮಾಡು ಅಂದೆ. ಗಂಡ ಇಲ್ದ ಮನಿ.’ ಅವರು ಗೋಡೆ ಹಿಡಿದು ಒಲೆಯ ಹತ್ತಿರ ಕೂತರು. ‘ಆವತ್ತ ನನ್ನ ಜೋಡಿನ ಉಂಗುಟ ಹರದಿತ್ತು, ಹೊಲಕೊಳ್ಳೂತನಕ ನಿನ್ನವು ಹಾಕ್ಕೊಂಡಿದ್ದೆ. ಅಂವ ನೀ ಅಂತ ತಿಳದು ಮಾತಾಡಿದ. ನಾನಪ್ಪಾ ಅನ್ನಬೇಕಿತ್ತು. ನನ್ನ ಕೂಡ ಯಾರೂ ಹಂಗ ಮಾತಾಡೇ ಇಲ್ಲ ದಾನವ್ವಾ ಇಷ್ಟ ವರ್ಷ. ಸುಮ್ನ ನಿಂತು ಕೇಳಿದೆ.’

ಒಂದು ಇಡೀ ಆಯುಷ್ಯ ಈ ಹೆಂಗಸು ಕಬ್ಬಿಣದ ಮೇಲೆ ನಡೆದಿದ್ದರು. ಊರು ಗಟ್ಟಿಗಿತ್ತಿ ಎಂದಿತ್ತು, ಮಗ ಹೆಮ್ಮೆ ಪಟ್ಟಿದ್ದ, ನಾನು ದೊಡ್ಡಸ್ತಿಕೆ ಎಂದು ಬೈದುಕೊಂಡಿದ್ದೆ. ನನಗಾದರೂ ಒಬ್ಬರು ಬಿಸಿಲಲ್ಲಿ ನಿಂತು ಎಲ್ಲಿಗೆ ಹೊರಟೆ ಎಂದು ಕೇಳಿದ್ದರು. ಒಲೆಯ ಕಟ್ಟಿಗೆಗಳನ್ನು ಹಿಂದಕ್ಕೆಳೆದು ನೀರು ಚಿಮುಕಿಸಿದೆ.

‘ನಡೀರಿ’ ಎಂದೆ.

ಪಡಸಾಲೆಯಲ್ಲಿ ಇವರು ಬಾಗಿಲ ಕಡೆ ಮುಖ ಮಾಡಿ ಕೂತಿದ್ದರು. ನಾವಿಬ್ಬರೂ ಬಂದೆವು. ಅವರು ಮೊದಲು ನನ್ನನ್ನು ನೋಡಿದರು. ಆಮೇಲೆ ಅವ್ವನನ್ನು ನೋಡಿದರು, ಅವ್ವನ ಕಾಲು ನೋಡಿದರು. ಕೇಳಿಸಿಕೊಳ್ಳಲು ತಲೆ ಸ್ವಲ್ಪ ವಾರೆ ಮಾಡಿದರು. ಅತ್ತೆ ನಿಲ್ಲದೆ ನಡೆಯುತ್ತಲೇ ಇದ್ದರು. ಇವರ ಮುಖ ಆಗ ಹೇಗಾಯಿತೆಂದರೆ, ನಾನು ಬೇರೆ ಕಡೆ ನೋಡಿದೆ. ಚಿಕ್ಕಂದಿನಿಂದ ಕೇಳಿಕೊಂಡು ಬೆಳೆದ ಹೆಜ್ಜೆ ಅದು.

‘ಅವ್ವಾ,’ ಎಂದರು. ಮಣೆಯಿಂದ ಎದ್ದು, ‘ಬಿಸಲಾಗ ಕಾಲು ಸುಡ್ತಾವಬೇ’ ಎಂದರು.

‘ಸುಡ್ಲಿ ಬಿಡೋ’ ಎಂದರು ಅತ್ತೆ.

ಬೀದಿಗೆ ಇಳಿದೆವು. ಕಲ್ಲು ನಿಜಕ್ಕೂ ಸುಡುತ್ತಿತ್ತು. ಅತ್ತೆ ನನ್ನ ತೋಳು ಹಿಡಿದುಕೊಂಡರು, ಬರಿಗಾಲಲ್ಲಿ ನಡೆದು ರೂಢಿ ತಪ್ಪಿತ್ತು. ಎರಡೂ ಬದಿ ಜನ ಬೆನ್ನು ಹಾಕಿ ಕೂತಿದ್ದರು, ಯಾರೂ ತಿರುಗಲಿಲ್ಲ. ನಮ್ಮೂರಿನಲ್ಲಿ ಹೋಗುವವರನ್ನು ನಿಂತು ನೋಡುವ ಪದ್ಧತಿ ಇಲ್ಲ. ಹೆಜ್ಜೆ ಕೇಳುತ್ತಾ ಇರುತ್ತದೆ, ಅಷ್ಟು ಸಾಕು. ಸಂತೆಪೇಟೆಯ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಇವರು ಕೈಯಲ್ಲಿ ಸೌಟು ಹಿಡಿದುಕೊಂಡೇ ಬೀದಿಗೆ ಬಂದು, ನಮ್ಮನ್ನೇ ನೋಡುತ್ತಾ ನಿಂತಿದ್ದರು.